ಹಾಕಿದವರ ಹೆಸರು

ಸಂತಾನನ ಎಡಗೆನ್ನೆಯ ಮೇಲೆ ಮೂರು ಗೆರೆಗಳಿವೆ. ಕಿವಿಯ ಬುಡದಿಂದ ಬಾಯಿಯ ತುದಿಯವರೆಗೆ, ಒಂದರ ಕೆಳಗೊಂದು, ಬೆರಳಿನಷ್ಟು ದಪ್ಪ. ಅಲ್ಲಿ ಗಡ್ಡ ಬೆಳೆಯುವುದಿಲ್ಲ. ಚಳಿಗಾಲದಲ್ಲಿ ಚರ್ಮ ಬಿಗಿದುಕೊಂಡು ಬಾಯಿಯನ್ನು ಎಡಕ್ಕೆ ಎಳೆಯುತ್ತದೆ. ನಗದಿದ್ದರೂ ನಕ್ಕಂತೆ ಕಾಣುತ್ತದೆ. ಅವನಿಗೆ ಈಗ ಐವತ್ತೆರಡು. ಗೆರೆಗಳಿಗೆ ನಲವತ್ತೊಂದು.

ಅದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ತಂಗಿ ಕ್ರಿಸ್ತಿನಾ ಕಲೆ ಅನ್ನುತ್ತಾಳೆ. ಯಾವುದೋ ಕಾಗದ ಮಾಡಿಸಲು ಹೋದಾಗ ಕಚೇರಿಯ ಗುಮಾಸ್ತ ಗುರುತು ಅಂತ ಬರೆದುಕೊಂಡ, ಇಂಥ ಗುರುತಿದ್ದರೆ ನನಗೂ ಹುಡುಕುವ ಕೆಲಸ ತಪ್ಪಿತು ಎಂದು ನಕ್ಕ. ಮೌಳಂಗಿಯ ಕಡೆ ಹೊಳೆದಂಡೆಯ ಮೇಲಿರುವ ರೆಸಾರ್ಟಿನವರು ಕುಲಮುದ್ರೆ ಅನ್ನುತ್ತಾರೆ. ಸಂತಾನ ಎಲ್ಲರಿಗೂ ಹೂಂ ಅಂದಿದ್ದಾನೆ. ಒಂದು ಮಾತನ್ನು ಮಾತ್ರ ಅವನು ಇಷ್ಟು ವರ್ಷ ಬಾಯಿಗೆ ತಂದುಕೊಂಡಿಲ್ಲ. ಅದು ಬರೆ.

ಆ ಮಾತು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಕಲೆಯಾದರೆ ಹೇಗೋ ಆಯಿತು ಅಂದುಬಿಡಬಹುದು. ಬರೆ ಅಂದರೆ ಕಾಯಿಸಿದ ಕಬ್ಬಿಣ ಇರಬೇಕು, ಅದನ್ನು ಹಿಡಿದ ಕೈ ಇರಬೇಕು, ಆ ಕೈಗೊಂದು ಹೆಸರಿರಬೇಕು. ಯಾರು ಹಾಕಿದರು ಎಂದು ಜನ ಕೇಳಿಯೇ ಕೇಳುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ, ಆಗ ನೀನೇನು ಮಾಡಿದೆ ಎಂದೂ ಕೇಳುತ್ತಾರೆ. ನಿಂತುಕೊಂಡಿದ್ದೆ ಎನ್ನಬೇಕಾಗುತ್ತದೆ. ಆ ಉತ್ತರಕ್ಕೆ ಅವನಿಗೆ ನಾಚಿಕೆ.

ಸಂತಾನ ಸಿದ್ದಿ ಜನದವನು, ಎಂದೋ ಆಫ್ರಿಕಾದಿಂದ ತಂದವರ ಸಂತತಿ. ಕುಳಗಿಯ ಆಚೆ ಕಾಡಿನ ಅಂಚಿಗೆ ಹತ್ತು ಮನೆಗಳ ವಾಡೆ ಅವರದು. ಹನ್ನೊಂದನೇ ವರ್ಷಕ್ಕೆ ಅವನ ಅಪ್ಪ ಅವನನ್ನು ಹಳಿಯಾಳದ ಕಡೆಯ ಒಂದು ಹಳ್ಳಿಯಲ್ಲಿ ಕರಿಬಸಪ್ಪ ಎಂಬ ಸಾಹುಕಾರನ ಮನೆಗೆ ಜೀತಕ್ಕೆ ಬಿಟ್ಟು ಬಂದಿದ್ದ. ಜೀತ ರದ್ದಾಗಿದೆ ಎಂದು ಸರಕಾರ ಹೇಳಿ ಆರೇಳು ವರ್ಷವಾಗಿತ್ತು. ಆ ಸುದ್ದಿ ಆ ಹಳ್ಳಿಯವರೆಗೆ ನಡೆದು ಬರಲು ಇನ್ನೂ ಪುರುಸೊತ್ತು ಸಿಕ್ಕಿರಲಿಲ್ಲ. ಹುಡುಗ ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದ. ಹನ್ನೆರಡು ಎಮ್ಮೆ ಮೇಯಿಸುತ್ತಿದ್ದ. ಸಂಜೆ ಅವುಗಳ ಮೈ ತಿಕ್ಕುತ್ತಿದ್ದ. ಅವುಗಳ ಪಕ್ಕದಲ್ಲೇ ಮಲಗುತ್ತಿದ್ದ. ರೊಟ್ಟಿಯನ್ನು ಮೇಲಿನಿಂದ ಹಾಕುತ್ತಿದ್ದರು, ಇವನು ಕೆಳಗಿನಿಂದ ಹಿಡಿಯುತ್ತಿದ್ದ.

ಒಂದು ದಿನ ಒಂದು ಎಮ್ಮೆ ಮೇವು ಬಿಟ್ಟಿತು. ಹೊಟ್ಟೆ ಉಬ್ಬಿತು. ಬರೆ ಹಾಕಿದರೆ ಸರಿಹೋಗುತ್ತದೆ ಎಂದು ಕರಿಬಸಪ್ಪ ಕುಡಗೋಲು ಕಾಯಿಸಿದ. ಅಕ್ಕಪಕ್ಕದ ನಾಲ್ಕು ಮಂದಿ ನೋಡಲು ಬಂದಿದ್ದರು. ಹಗ್ಗ ಹಿಡಿಯುವ ಕೆಲಸ ಹುಡುಗನದು. ಕಬ್ಬಿಣ ಹತ್ತಿರ ಬಂದಾಗ ಎಮ್ಮೆ ಕೊಸರಿತು, ಹಗ್ಗ ಹುಡುಗನ ಅಂಗೈ ಹರಿದುಕೊಂಡು ಹೋಯಿತು, ಕರಿಬಸಪ್ಪ ಒದೆ ತಿಂದು ಸಗಣಿಯಲ್ಲಿ ಕುಂಡೆಯೂರಿ ಬಿದ್ದ. ನಾಲ್ಕೂ ಮಂದಿ ನಕ್ಕರು. ಕರಿಬಸಪ್ಪ ಎದ್ದ. ಕುಡಗೋಲು ಇನ್ನೂ ಕೆಂಪಗಿತ್ತು. ಹುಡುಗನ ಗದ್ದ ಹಿಡಿದು ಮುಖವನ್ನು ಬಲಕ್ಕೆ ತಿರುಗಿಸಿದ.

"ಇದರ ಚರ್ಮಾನೂ ಎಮ್ಮಿ ಚರ್ಮಾನ ಐತಿ, ಏನೂ ಆಗೂದಿಲ್ಲ" ಎಂದ.

ಎಮ್ಮೆಗೆ ಹಾಕಬೇಕೆಂದಿದ್ದ ಮೂರು ಬರೆ ಹುಡುಗನಿಗೆ ಬಿದ್ದವು. ಗದ್ದ ಬಿಟ್ಟರೆ ಮೈಯನ್ನು ಯಾರೂ ಹಿಡಿದಿರಲಿಲ್ಲ. ಕೈ ಕಟ್ಟಿರಲಿಲ್ಲ. ಬಾಗಿಲು ತೆರೆದೇ ಇತ್ತು. ಆದರೂ ಅವನು ಓಡಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಎಮ್ಮೆ ಬರೆ ಇಲ್ಲದೆಯೇ ಮೂರನೇ ದಿನ ಮೇವು ತಿಂದಿತು.

ಸಾಹುಕಾರನ ಹೆಂಡತಿ ಈರಕ್ಕ ಸುಣ್ಣದ ತಿಳಿಯಲ್ಲಿ ಕೊಬ್ಬರಿ ಎಣ್ಣೆ ಕಲಸಿ ತಂದು ಹಚ್ಚಿದಳು. ಹಚ್ಚುವಾಗ ಅತ್ತಳು. ಅತ್ತುಕೊಂಡೇ ಹೇಳಿಕೊಟ್ಟಳು.

"ಯಾರರ ಕೇಳಿದರ ಒಲಿ ಮ್ಯಾಲೆ ಬಿದ್ದೆ ಅನ್ನು, ನನ್ನಪ್ಪಾ. ನಮ್ಮ ಮನಿ ಮರ್ಯಾದಿ ಕಾಯಿ."

ಅವರ ಮನೆಯ ಮರ್ಯಾದೆ ಕಾಯುವ ಕೆಲಸವೂ ಜೀತದಲ್ಲಿ ಸೇರಿಕೊಂಡಿತು. ಮರುದಿನ ಅದೇ ಕೆನ್ನೆಯ ಪಕ್ಕದಲ್ಲಿ ಸಗಣಿಯ ಬುಟ್ಟಿ ಹೊತ್ತ. ನೊಣ ಕೂತವು. ಕೀವಾಯಿತು. ಮೂರು ವರ್ಷದ ಮೇಲೆ ಅಪ್ಪ ಸತ್ತಾಗ ವಾಡೆಗೆ ಹಿಂತಿರುಗಿದ. ತನಗಿಂತ ಹತ್ತು ವರ್ಷ ಚಿಕ್ಕವಳಾದ ತಂಗಿ, ಮುಖ ಮುಟ್ಟಿ ನೋಡಿ ಏನಿದು ಎಂದಳು. ಒಲೆಯ ಮೇಲೆ ಬಿದ್ದೆ ಎಂದ. ಕ್ರಿಸ್ತಿನಾ ಅದನ್ನೇ ನಂಬಿ ಬೆಳೆದಳು.

ರೆಸಾರ್ಟಿನ ಕತೆ ಏಳು ವರ್ಷದ್ದು. ವಾಡೆಯ ಎಂಟು ಮಂದಿಯ ತಂಡ, ವಾರಕ್ಕೆ ಮೂರು ಸಂಜೆ, ಚಹಾದ ಹೊತ್ತಿಗೆ ಅತಿಥಿಗಳ ಮುಂದೆ ದಮಾಮಿ ಬಾರಿಸಿ ಕುಣಿಯಬೇಕು. ಸೊಂಟಕ್ಕೆ ಸೊಪ್ಪು ಕಟ್ಟಿಕೊಳ್ಳಬೇಕು. ಮುಖಕ್ಕೆ ಬಿಳಿ ಬಣ್ಣದ ಚುಕ್ಕಿ ಇಟ್ಟುಕೊಳ್ಳಬೇಕು. ಸಂತಾನನ ಅಪ್ಪ ಹುಟ್ಟಿದಾಗಿನಿಂದ ಖಾಕಿ ಚಡ್ಡಿ ಬಿಟ್ಟು ಬೇರೆ ಹಾಕಿದವನಲ್ಲ, ಅಜ್ಜ ಧೋತರ ಉಡುತ್ತಿದ್ದ. ಸೊಪ್ಪು ಕಟ್ಟಿಕೊಂಡ ಮೊದಲ ಸಿದ್ದಿ ಈ ರೆಸಾರ್ಟಿನಲ್ಲೇ ಹುಟ್ಟಿರಬೇಕು. ಮ್ಯಾನೇಜರ್ ಸಚಿನ ಹುಬ್ಬಳ್ಳಿ ಕಡೆಯವನು, ಸಂತಾನನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅವನನ್ನು ನೀನು ಎಂದೇ ಮಾತಾಡಿಸುತ್ತಿದ್ದ.

ಮೊದಲ ವರ್ಷ ಒಬ್ಬ ಅತಿಥಿ ಸಂತಾನನ ಕೆನ್ನೆ ತೋರಿಸಿ ಅದೇನು ಎಂದು ಕೇಳಿದ. ಸಂತಾನ ಒಲೆಯ ಮಾತು ತೆಗೆಯುವಷ್ಟರಲ್ಲಿ ಸಚಿನ ನಡುವೆ ಬಂದ.

"ಅದು ಇವರ ಕುಲಮುದ್ರೆ ಸರ್. ಗಂಡಸಾದ ಗುರುತಿಗೆ ಹನ್ನೆರಡನೇ ವರ್ಷಕ್ಕೆ ಹಾಕತಾರ. ಆಫ್ರಿಕಾದಿಂದ ಬಂದ ಪದ್ಧತಿ."

ಸುತ್ತಲಿನವರು ಹೋ ಎಂದರು. ಫೋಟೋ ತೆಗೆದರು. ಒಬ್ಬ ಹೆಂಗಸು ಮೂರು ಗೆರೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ, ನೋವಾಗಿತ್ತಾ ಎಂದು ಮೆಲ್ಲಗೆ ಕೇಳಿದಳು. ಮುಚ್ಚಿಡುವುದೇಕೆ, ಸಂತಾನನಿಗೆ ಖುಷಿಯಾಗಿತ್ತು. ಮೂವತ್ತೈದು ವರ್ಷ ಆ ಕೆನ್ನೆ ಕಂಡವರೆಲ್ಲ ಕಣ್ಣು ತಿರುಗಿಸಿದ್ದರು. ಸಂತೆಗೆ ಹೋದರೆ ಅವನು ಗೋಡೆಯ ಕಡೆಗೇ ಎಡಮುಖ ಮಾಡಿ ನಡೆಯುತ್ತಿದ್ದ. ಈಗ ಅದನ್ನು ನೋಡಲು ಜನ ಸಾಲು ಹಚ್ಚಿದ್ದರು. ಆಮೇಲಾಮೇಲೆ ಯಾರಾದರೂ ಕೇಳಿದರೆ ಅವನೇ ಹೇಳತೊಡಗಿದ, "ಹೂಂ ರೀ, ನಮ್ಮ ಹಿರ್ಯಾರು ಹಾಕಿದ್ದು."

ಹೋದ ವರ್ಷ ರೆಸಾರ್ಟಿನ ಗೇಟಿಗೆ ಆಳೆತ್ತರದ ಫ್ಲೆಕ್ಸ್ ಬಂತು. ಸಂತಾನನ ಎಡಗೆನ್ನೆ, ಬಾಗಿಲಿನಷ್ಟು ದೊಡ್ಡದು. ಕೆಳಗೆ, "ಸಿದ್ದಿ ಕುಲಮುದ್ರೆ. ಶೌರ್ಯದ ಸಂಕೇತವಾಗಿ ಬಾಲ್ಯದಲ್ಲೇ ಹಾಕಲಾಗುತ್ತದೆ." ಸಂತಾನನಿಗೆ ತನ್ನ ಹೆಸರೊಂದನ್ನು ಬಿಟ್ಟು ಬೇರೆ ಓದಲು ಬರೆಯಲು ಬರುವುದಿಲ್ಲ. ರಾತ್ರಿಶಾಲೆಯಲ್ಲಿ ಕಲಿತ ಮೂರು ಅಕ್ಷರ ಅಷ್ಟೇ. ಫ್ಲೆಕ್ಸಿನಲ್ಲಿ ಏನಿದೆ ಎಂದು ಓದಿ ಹೇಳಿದವಳು ಕ್ರಿಸ್ತಿನಾಳ ಮಗಳು ನೀಲಂ.

ನೀಲಂಗೆ ಇಪ್ಪತ್ತು. ಪಿಯುಸಿ ಮುಗಿಸಿ, ದಾಂಡೇಲಿಯ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸೋಪಿನ ನೀರಿಗೆ ಕೈಬೆರಳ ಸಂದುಗಳು ಬಿರಿದಿದ್ದವು. ಸಿದ್ದಿಯಲ್ಲದ ಅಪ್ಪನ ಕಡೆಯ ಕೂದಲು ಅವಳದು, ಅಷ್ಟು ಗುಂಗುರಿಲ್ಲ, ಬಣ್ಣವೂ ಒಂದು ಪಾಲು ತಿಳಿ. ತಂಡದಲ್ಲಿ ಸೇರಿಸಿಕೊಳ್ಳಿ ಎಂದು ರೆಸಾರ್ಟಿಗೆ ಹೋದಾಗ ಸಚಿನ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಕುಣೀತಿ, ಖರೇ. ಆದರ ನಿನ್ನ ನೋಡಿದರ ಸಿದ್ದಿ ಅನಸೂದ ಇಲ್ಲಲ್ಲ. ಮಂದಿ ರೊಕ್ಕ ಕೊಟ್ಟ ಬಂದಿರತಾರ. ನಿಮ್ಮ ಮಾಮಾಗ ಇದ್ದಂಗ ಮುದ್ರಿ ಇದ್ದಿದ್ದರ ನೋಡಬಹುದಿತ್ತು" ಎಂದು ನಕ್ಕ.

ಅವನಿಗೆ ಅದು ನಗೆಮಾತು. ಹುಡುಗಿಗೆ ಅದು ನೌಕರಿಯ ಷರತ್ತಾಯಿತು. ಆ ಸಂಜೆ ಅವಳು ಮಾಮನ ಅಂಗಳಕ್ಕೆ ಬಂದಳು. ಸಂತಾನ ದಮಾಮಿಯ ಚರ್ಮಕ್ಕೆ ಎಣ್ಣೆ ತಿಕ್ಕುತ್ತಿದ್ದ.

"ಮಾಮಾ, ಮುದ್ರಿ ಹೆಣ್ಮಕ್ಕಳಿಗೂ ಹಾಕತಿದ್ದರೇನು?"

ಅವನ ಕೈ ನಿಂತಿತು. ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಬೇರೆ ಯಾರೂ ಇರಲಿಲ್ಲ. ಆದರೆ ಹೇಳಿದರೆ ಉಚ್ಚೆ ಹೊಯ್ದುಕೊಂಡದ್ದನ್ನೂ ಹೇಳಬೇಕು. ಏಳು ವರ್ಷ ಸುಳ್ಳು ಹೇಳಿದ್ದನ್ನೂ ಹೇಳಬೇಕು. ತನ್ನನ್ನು ಹುಲಿ ಎಂದು ತಿಳಿದ ಹುಡುಗಿಯ ಮುಂದೆ ಎಮ್ಮೆಯಾಗಬೇಕು.

"ಹೂಂ, ಹಿಂದ ಹಾಕತಿದ್ದರು" ಎಂದ.

"ಯಾತರಿಂದ?"

"ಕುಡಗೋಲಿಂದ."

ಅದೊಂದು ಮಾತು ಮಾತ್ರ ನಿಜವಾಗಿತ್ತು.

ಮರುದಿನ ಮಧ್ಯಾಹ್ನ ಕ್ರಿಸ್ತಿನಾ ಕೂಲಿಯಿಂದ ಬಂದಾಗ ಮನೆಯಲ್ಲಿ ಸುಟ್ಟ ಚರ್ಮದ ವಾಸನೆ ತುಂಬಿತ್ತು. ನೀಲಂ ಒಲೆಯ ಮುಂದೆ ಬಿದ್ದಿದ್ದಳು. ಬಾಯಲ್ಲಿ ಬಟ್ಟೆ ತುರುಕಿಕೊಂಡಿದ್ದಳು. ಎಡಗೆನ್ನೆಯ ಮೇಲೆ ಎರಡು ಗೆರೆ ಇದ್ದವು, ಮೂರನೆಯದಕ್ಕೆ ಅವಳಿಂದ ಆಗಿರಲಿಲ್ಲ.

ಸರಕಾರಿ ದವಾಖಾನೆಯ ಡಾಕ್ಟರಮ್ಮ ಗಾಯ ತೊಳೆಯುತ್ತ ಕೇಳಿದಳು, "ಯಾರ ಮಾಡಿದರು ಇದನ್ನ?"

"ನಾನ. ನಮ್ಮ ಮಂದಿ ಪದ್ಧತಿರಿ" ಎಂದಳು ನೀಲಂ.

ಡಾಕ್ಟರಮ್ಮ ಜೊತೆಗೆ ಬಂದಿದ್ದ ಸಂತಾನನ ಕೆನ್ನೆ ನೋಡಿದಳು. ಆಮೇಲೆ ಸಿಟ್ಟಿಗೆದ್ದಳು. "ಎಂಥಾ ಮಂದಿರೀ ನೀವು! ಯಾವ ಕಾಲದಾಗ ಇದ್ದೀರಿ? ಹೆತ್ತ ಮಕ್ಕಳಿಗೆ ಕಬ್ಬಿಣ ಕಾಸಿ ಇಡತೀರಿ, ಮ್ಯಾಲೆ ಪದ್ಧತಿ ಅಂತೀರಿ. ಮನಷ್ಯಾರ ಅದೀರೋ ಏನು?"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಪಕ್ಕದ ಮಂಚದ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಡಾಕ್ಟರಮ್ಮನ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಅದು ಹಳಿಯಾಳದ ಕಡೆಯ ಒಂದು ಕೊಟ್ಟಿಗೆಗೆ ಹೋಗಬೇಕಿತ್ತು. ವಾಡೆಯ ಹತ್ತು ಮನೆಗಳ ಮೇಲೆ, ಸತ್ತ ಅಜ್ಜ ಮುತ್ತಜ್ಜರ ಮೇಲೆ ಬಿತ್ತು. ಅವರು ಯಾರೂ ತಮ್ಮ ಮಕ್ಕಳ ಮೈಮೇಲೆ ಒಂದು ಬರೆ ಹಾಕಿದವರಲ್ಲ. ಸಂತಾನ ಬಾಗಿಲ ಪಕ್ಕ ತಲೆ ತಗ್ಗಿಸಿ ನಿಂತ. ನಿಲ್ಲುವುದು ಅವನಿಗೆ ರೂಢಿಯಾಗಿತ್ತು.

ಹೊರಗೆ ಬಂದ ಮೇಲೆ ಕ್ರಿಸ್ತಿನಾ ಅವನ ಅಂಗಿ ಹಿಡಿದಳು.

"ನನಗ ಒಲಿ ಮ್ಯಾಲೆ ಬಿದ್ದೆ ಅಂದಿ. ಈಕಿಗೆ ಹಿರ್ಯಾರು ಹಾಕಿದರು ಅಂದಿ. ಖರೇ ಯಾವದು? ಯಾವ ಹಿರ್ಯಾ ಹಾಕಿದ, ಹೇಳು. ನಮ್ಮಪ್ಪ ಹಾಕಿದನೇನು?"

ಅವನು ಎಡಗೆನ್ನೆಯನ್ನು ಗೋಡೆಯ ಕಡೆ ತಿರುಗಿಸಿದ. ಅವಳು ಅಂಗಿ ಬಿಟ್ಟಳು. ಎರಡು ವಾರ ಅವನ ಮನೆಯ ಕಡೆ ಮುಖ ಹಾಕಲಿಲ್ಲ.

ಸುದ್ದಿ ಸಚಿನನಿಗೂ ಮುಟ್ಟಿತು. ಅವನು ಹೆದರಿಕೊಂಡಾನು, ಕೇಸು ಗೀಸು ಆದೀತೆಂದು ಓಡಿ ಬಂದಾನು ಎಂದು ಸಂತಾನ ತಿಳಿದಿದ್ದ. ಸಚಿನ ಫೋನು ಮಾಡಿದ.

"ಹುಡುಗಿ ಭಾರಿ ಧೈರ್ಯದಾಕಿ ಬಿಡು. ಪಟ್ಟಿ ಬಿಚ್ಚಿದ ಮ್ಯಾಲೆ ಕರಕೊಂಡ ಬಾ. ಐತವಾರ ದೊಡ್ಡ ಪಾರ್ಟಿ ಐತಿ."

ಹೋಗುವುದು ಬೇಡ ಎಂದು ಸಂತಾನ ಹೇಳಿದ. ನೀಲಂ ಕನ್ನಡಿಯಿಂದ ಮುಖ ತೆಗೆಯಲಿಲ್ಲ. ಗಾಯ ಇನ್ನೂ ಹಸಿ ಇತ್ತು, ಕೆಂಪಗೆ ಮಿಂಚುತ್ತಿತ್ತು.

"ಸುಟ್ಟದ್ದಂತೂ ಸುಟ್ಟೈತಿ, ಮಾಮಾ. ಇನ್ನ ಕೆಲಸಾನೂ ಬ್ಯಾಡ ಅಂದರ, ಯಾಕ ಸುಟಗೊಂಡೆ ಅಂತ ಕೇಳಿದರ ಏನ ಹೇಳ್ಲಿ?"

ಟೆಂಪೋದಲ್ಲಿ ಎಂಟು ಮಂದಿಯ ಜೊತೆ ಒಂಬತ್ತನೆಯವಳಾಗಿ ಅವಳೂ ಬಂದಳು. ಗೇಟಿನಲ್ಲಿ ಫ್ಲೆಕ್ಸ್ ಕಂಡಾಗ ಕೆನ್ನೆ ಮುಟ್ಟಿಕೊಂಡಳು.

ಆ ಭಾನುವಾರ ಎಪ್ಪತ್ತು ಮಂದಿ ಅತಿಥಿಗಳಿದ್ದರು. ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರು. ಒಂದು ಸುತ್ತು ಕುಣಿತ ಮುಗಿದ ಮೇಲೆ ಸಚಿನ ಮೈಕು ಹಿಡಿದು ಬಂದ. ಸಾವಿರ ವರ್ಷದ ಪದ್ಧತಿ ಎಂದ. ಈಗಲೂ ಜೀವಂತ ಇದೆ ಎಂದ. ಇಲ್ಲಿಯವರೆಗೆ ಗಂಡಸರದ್ದು ಮಾತ್ರ ನೋಡಿದ್ದೀರಿ ಎಂದ. ನೀಲಂಳನ್ನು ಮುಂದೆ ಕರೆದ. ಅವಳು ಹೋಗಿ ನಿಂತಳು. ಹಿಂದಿನ ಸಾಲಿನವರಿಗೆ ಕಾಣಲಿಲ್ಲವೇನೋ, ಸಚಿನ ಅವಳ ಗದ್ದ ಹಿಡಿದು ಮುಖವನ್ನು ಬಲಕ್ಕೆ ತಿರುಗಿಸಿದ.

ಸಂತಾನನ ಕೆನ್ನೆ ಉರಿಯಿತು. ನಲವತ್ತೊಂದು ವರ್ಷದ ಹಿಂದೆ ಉರಿದ ಹಾಗೆಯೇ ಉರಿಯಿತು. ಅವನು ಕೊರಳಿನಿಂದ ದಮಾಮಿ ತೆಗೆದು ನೆಲಕ್ಕಿಟ್ಟ.

"ಸಾಹೇಬ್ರ, ಗದ್ದ ಬಿಡ್ರಿ" ಎಂದ.

ಸಚಿನ ಕೇಳಿಸದವನಂತೆ ನಕ್ಕ. ಸಂತಾನ ನಡೆದು ಬಂದು ಆ ಕೈಯನ್ನು ಹಿಡಿದು ಕೆಳಗಿಳಿಸಿದ. ಇನ್ನೊಂದು ಕೈಯಿಂದ ಮೈಕು ತೆಗೆದುಕೊಂಡ. ಏಳು ವರ್ಷದಲ್ಲಿ ಅವನು ಮೈಕು ಮುಟ್ಟಿದ್ದು ಅದೇ ಮೊದಲು.

"ಸಂತಾನ, ಕುಡದೀಯೇನು?" ಎಂದ ಸಚಿನ.

"ಕುಡದಿಲ್ಲರಿ. ಕುಡದಿದ್ದರ ನೀವು ಹೇಳೂದೆಲ್ಲಾ ಖರೇ ಅನಸತಿತ್ತು."

ಅವನು ಅತಿಥಿಗಳ ಕಡೆ ಎಡಗೆನ್ನೆ ಮಾಡಿ ನಿಂತ. ತಂಡದವರ ಕಡೆ ನೋಡಲಿಲ್ಲ. ನೋಡಿದರೆ ಮಾತು ನಿಂತೀತು ಎಂದು ಅವನಿಗೆ ಭಯವಿತ್ತು.

"ಇದು ಮುದ್ರಿ ಅಲ್ಲರಿ. ಇದು ಬರೆ. ನಮ್ಮ ಮಂದಿ ಹಾಕಿದ್ದಲ್ಲ. ನನ್ನ ಜೀತಕ್ಕ ಇಟಗೊಂಡಾವ ಹಾಕಿದ್ದು. ಅವನ ಹೆಸರು ಕರಿಬಸಪ್ಪ. ಎಮ್ಮಿಗೆ ಕಾಸಿದ ಕುಡಗೋಲಿಂದ ಹಾಕಿದ. ನನ್ನ ಕೈಯಾಗಿನ ಹಗ್ಗ ಜಾರಿತ್ತು, ಅಷ್ಟ. ಶೌರ್ಯ ಅಂತ ಬರದಾರಂತ ಹೊರಗ. ಯಾವ ಶೌರ್ಯಾನೂ ಇಲ್ಲರಿ. ನಾ ನಿಂತಲ್ಲೇ ಉಚ್ಚಿ ಹೊಯಕೊಂಡೆ. ಹನ್ನೊಂದ ವರ್ಷದಾವ ಇದ್ದೆ. ಓಡಿದರ ಎಲ್ಲಿಗೆ ಓಡ್ಲಿ? ನಾಚಿಕಿ ಬಂತು. ಇಷ್ಟ ವರ್ಷ ಯಾರ ಮುಂದೂ ಹೇಳಲಿಲ್ಲ. ಹೇಳಲಿಲ್ಲಂತ ಈ ಕೂಸು ತನ್ನ ಮಾರಿ ತಾನ ಸುಟಗೊಂಡೈತಿ. ನಮ್ಮ ಮಂದ್ಯಾಗ ಇಂಥಾ ಪದ್ಧತಿ ಇರಲಿಲ್ಲ. ಇಲ್ಲೇ ಹುಟ್ಟಿತು, ಈ ಹುಲ್ಲಿನ ಮ್ಯಾಲೆ."

ಅವನು ನಿಲ್ಲಿಸಿದ. ಆಗ ಮುಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಪಕ್ಕದವನೂ ತಟ್ಟಿದ. ಹಿಂದಿನಿಂದ ಹತ್ತಾರು ಮಂದಿ ತಟ್ಟಿದರು. ಒಬ್ಬಳು ಕಣ್ಣೊರೆಸಿಕೊಂಡು, ಎಷ್ಟು ಚೆನ್ನಾಗಿ ಮಾಡಿದರು ಎಂದು ಗಂಡನಿಗೆ ಹೇಳಿದಳು. ಇದೂ ಕಾರ್ಯಕ್ರಮದ್ದೇ ಒಂದು ಭಾಗ ಎಂದು ಅವರು ತಿಳಿದಿದ್ದರು. ಸಚಿನ ಸಮಯ ನೋಡಿ ಮೈಕು ಕಸಿದುಕೊಂಡು, ಥ್ಯಾಂಕ್ಯೂ, ಈಗ ಬಿಸಿ ಬಿಸಿ ಭಜಿ ರೆಡಿ ಇದೆ ಎಂದ. ಕುರ್ಚಿಗಳು ಸರಿದವು.

ಸಂತಾನ ಬರಿಗೈಯಲ್ಲಿ ನಿಂತಿದ್ದ. ಎದೆಯನ್ನು ಸೀಳಿ ತೋರಿಸಿದ್ದ, ಅವರು ಅದನ್ನು ಭಜಿಯ ಜೊತೆ ತಿಂದು ಮುಗಿಸಿದ್ದರು.

"ನಾಳಿಂದ ಬರಬ್ಯಾಡ. ನಿನ್ನ ಮಂದೀನೂ ಬರೂದು ಬ್ಯಾಡ" ಎಂದ ಸಚಿನ, ಹಲ್ಲು ಕಚ್ಚಿ.

ತಂಡದವರು ಸೊಪ್ಪು ಬಿಚ್ಚಿ ಹುಲ್ಲಿನ ಮೇಲೆಯೇ ಎಸೆದರು. ಯಾರೂ ಸಂತಾನನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಎಲ್ಲರೂ ದಮಾಮಿಗಳನ್ನು ಹೊತ್ತು ಗೇಟಿನ ಕಡೆ ನಡೆದರು. ನೀಲಂ ಹಿಂದೆ ಬರುತ್ತಿದ್ದಳು. ಮುಖದ ಚುಕ್ಕಿಗೆಂದು ಕೊಟ್ಟಿದ್ದ ಬಿಳಿ ಬಣ್ಣದ ಡಬ್ಬಿ, ಕುಂಚ ಅವಳ ಕೈಯಲ್ಲೇ ಉಳಿದಿದ್ದವು.

ಗೇಟಿನ ಹತ್ತಿರ ಅವಳು ಅವನ ಮುಂದೆ ಬಂದು ಅಡ್ಡ ನಿಂತಳು.

"ಆವತ್ತ ಅಂಗಳದಾಗ ನಾ ಕೇಳಿದಾಗ ಯಾಕ ಹೇಳಲಿಲ್ಲ?"

"ನಾಚಿಕಿ ಆತವ್ವ."

"ಹಾಕಿದಾವಗ ನಾಚಿಕಿ ಇಲ್ಲ. ಬೋರ್ಡ ಕಟ್ಟಿದಾವಗ ಇಲ್ಲ. ನಿನಗ್ಯಾಕ ಮಾಮಾ ನಾಚಿಕಿ? ನಿನ್ನ ನಾಚಿಕಿಗೆ ನನ್ನ ಮಾರಿ ಬೇಕಾಗಿತ್ತೇನು?"

ಅವಳು ಅಳಲಿಲ್ಲ. ಅತ್ತರೆ ಉಪ್ಪುನೀರು ಗಾಯಕ್ಕೆ ಇಳಿಯುತ್ತದೆ ಎಂದು ಕಲಿತುಕೊಂಡಿದ್ದಳು. ಸಂತಾನ ಅವಳ ಹಿಂದೆ ನಿಂತಿದ್ದ ತನ್ನದೇ ಕೆನ್ನೆಯನ್ನು ನೋಡಿದ. ಬಾಗಿಲಿನಷ್ಟು ದೊಡ್ಡ ಕೆನ್ನೆ.

"ಅದರ ಮ್ಯಾಲೆ ಬರಿಯಾಕ ಬರತೈತೇನು ಈ ಬಣ್ಣದಿಂದ?" ಎಂದು ಕೇಳಿದ.

ನೀಲಂ ಡಬ್ಬಿ ನೋಡಿದಳು, ಫ್ಲೆಕ್ಸ್ ನೋಡಿದಳು. "ಬರತೈತಿ" ಎಂದಳು.

"ಮುದ್ರಿ ಅನ್ನೂದ ಅಳಸು. ಬರೆ ಅಂತ ಮಾಡು. ದೊಡ್ಡದಾಗಿ ಮಾಡು."

ಅವಳು ಆ ಮಾತಿನ ಮೇಲೆ ಬಿಳಿ ಬಳಿದು, ಮೇಲೆ ಅವನ ಕಪ್ಪು ಕೆನ್ನೆಯ ಮೇಲೆಯೇ, ಮೊಳದುದ್ದದ ಎರಡು ಅಕ್ಷರ ಬರೆದಳು. ವಾಚ್‌ಮನ್ ಓಡಿ ಬಂದ. ತಂಡದ ಉಳಿದ ಏಳು ಮಂದಿಯಲ್ಲಿ ಯಾರೋ ಒಬ್ಬರು ದಮಾಮಿಗೆ ಒಂದು ಏಟು ಹಾಕಿದರು, ಉಳಿದವರು ಫ್ಲೆಕ್ಸಿನ ಸುತ್ತ ನಿಂತುಕೊಂಡರು. ವಾಚ್‌ಮನ್ ಅಲ್ಲೇ ನಿಂತ.

"ಹಾಕಿದವರು ಅಂತ ಬರದು, ಕರಿಬಸಪ್ಪನ ಹೆಸರ ಹಾಕು."

ಹಾಕಿದಳು. ಊರಿನ ಹೆಸರೂ ಕೇಳಿ ಹಾಕಿದಳು. ಹತ್ತಿರದಲ್ಲೇ ಒಂದು ಕಾರು ನಿಂತಿತು. ಒಳಗಿನವರು ಗಾಜು ಇಳಿಸಿ ಓದತೊಡಗಿದರು. ಈ ಸಲ ಚಪ್ಪಾಳೆ ಬೀಳಲಿಲ್ಲ.

"ಈಗ ನಿಂದು" ಎಂದ ಸಂತಾನ.

ಅವಳು ಕೆಳಗೆ ತನ್ನ ಹೆಸರು ಬರೆದು, ಎರಡು ಬರೆ ಎಂದು ಬರೆದು, ಹಾಕಿದವರು ಎಂದೂ ಬರೆದಳು. ಕುಂಚ ನಿಂತಿತು. ಆಮೇಲೆ ತಾನಾಗಿಯೇ ಸಚಿನನ ಹೆಸರು ಹಾಕಿದಳು. ಕುಂಚ ಕೈಯಲ್ಲಿಟ್ಟುಕೊಂಡೇ ಇನ್ನೇನು ಡಬ್ಬಿಗೆ ಮುಚ್ಚಳ ಹಾಕಬೇಕು ಎಂದಿದ್ದಳು.

"ತಡಿ, ಇನ್ನೊಂದ ಹೆಸರ ಉಳದೈತಿ" ಎಂದ ಸಂತಾನ. "ಅದು ನನಗ ಬರಿಯಾಕ ಬರತೈತಿ."

ಅವಳ ಕೈಯಿಂದ ಕುಂಚ ತೆಗೆದುಕೊಂಡ. ಸಚಿನನ ಹೆಸರಿನ ಪಕ್ಕದಲ್ಲಿ ತನಗೆ ಬರುತ್ತಿದ್ದ ಮೂರೇ ಅಕ್ಷರಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಒತ್ತಿ ಬರೆದ. ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರಿತು. ನೀಲಂ ಅದನ್ನು ಓದಿದಳು. ಒದ್ದೆ ಬಣ್ಣ, ಒಂದು ಬೆರಳಿಗೆ ಅಳಿಸಿಹೋಗುತ್ತಿತ್ತು. ಅವಳು ಅಳಿಸಲಿಲ್ಲ.